ಮೊಮ್ಮಗಳ ಸೇವೆ, ನನ್ನ ‘ಬೇಡವಂತೆ’

ನನ್ನ ಮೊಮ್ಮಗಳು ಕಳ್ಳಿ. ಇದನ್ನು ನಾನು ಬೆನ್ನ ಹಿಂದೆ ಹೇಳುತ್ತಿಲ್ಲ. ಅವಳ ಎದುರಿಗೇ ಹೇಳಿದ್ದೇನೆ, ಅವಳ ಅಪ್ಪ ಅಮ್ಮನ ಎದುರಿಗೂ ಹೇಳಿದ್ದೇನೆ, ಒಮ್ಮೆ ದೇವಸ್ಥಾನದ ಊಟದ ಸಾಲಿನಲ್ಲಿ ನಿಂತು ಹಿಂದೆ ಮುಂದೆ ಇದ್ದವರಿಗೆಲ್ಲ ಕೇಳುವ ಹಾಗೆಯೂ ಹೇಳಿದ್ದೇನೆ. ಅವಳು ನಗುತ್ತಾಳೆ. ಕದ್ದು ಸಿಕ್ಕಿಬಿದ್ದ ಮೇಲೂ ನಗುವವರನ್ನು ಏನು ಮಾಡುವುದು?

ಅವಳು ತನಗಾಗಿ ಕದಿಯುವುದಿಲ್ಲ. ನನ್ನ ಸಿಟ್ಟಿಗೆ ಕಾರಣ ಅದೇ. ತನಗಾಗಿ ಕದ್ದಿದ್ದರೆ ಸಾಮಾನು ಮನೆಯಲ್ಲೇ ಎಲ್ಲೋ ಇರುತ್ತಿತ್ತು, ಹುಡುಕಿದರೆ ಸಿಗುತ್ತಿತ್ತು. ಇವಳು ಕದ್ದದ್ದು ಅಟ್ಲಾಂಟಾ ತುಂಬ ಹರಡಿಕೊಂಡಿದೆ. ಮೈಸೂರಿನಿಂದ ತಂದ ನನ್ನ ಮಂಕಿ ಕ್ಯಾಪು ಸೇತುವೆಯ ಕೆಳಗೆ ಮಲಗುವ ಯಾರದೋ ತಲೆಯ ಮೇಲಿದೆ. ಕೇಳಿದರೆ, “ಅವರಿಗೆ ಚಳಿ ಆಗ್ತಿತ್ತು ತಾತ, ನೀನು ಹೇಗಿದ್ರೂ ಹೊರಗೆ ಹೋಗಲ್ಲ” ಅಂದಳು. ಹೊರಗೆ ಹೋಗುವುದಿಲ್ಲ ನಿಜ. ಟೋಪಿಯೇ ಇಲ್ಲದ ಮೇಲೆ ಹೇಗೆ ಹೋಗಲಿ!

ಅವಳ ಅಮ್ಮನ, ಅಂದರೆ ನನ್ನ ಮಗಳ, ದೊಡ್ಡ ಕುಕ್ಕರು ಹೋದದ್ದು ಎಲ್ಲಿಗೆ ಗೊತ್ತೇ? ಯಾವುದೋ ದೇಶದ ಗಲಾಟೆಯಿಂದ ಜೀವ ಉಳಿಸಿಕೊಂಡು ಓಡಿಬಂದ ಒಂದು ಸಂಸಾರದ ಒಲೆಯ ಮೇಲಕ್ಕೆ. ಕೊಟ್ಟವಳು ಅದನ್ನು ಬಳಸುವುದು ಹೇಗೆಂದು ಹೇಳಿಕೊಟ್ಟಳೆ? ಇಲ್ಲ. ಮೊದಲನೆಯ ಸೀಟಿ ಹೊಡೆದದ್ದೇ ತಡ, ಆ ಸಂಸಾರವೆಲ್ಲ ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಿ ಹುಲ್ಲಿನ ಮೇಲೆ ನಿಂತಿತಂತೆ. ಈ ದೇಶದಿಂದಲೂ ಓಡಬೇಕಾಗಿ ಬಂತಲ್ಲ ಎಂದುಕೊಂಡರೋ ಏನೋ ಪಾಪ! ಆ ಭಾನುವಾರ ನಮ್ಮವಳು ಅವರನ್ನು ಕುಕ್ಕರ್ ಸಮೇತ ಮನೆಗೇ ಕರೆತಂದಳು. ನನ್ನ ಮಗಳು ಕುಕ್ಕರ್ ವಾಪಸ್ಸು ಇಸಿದುಕೊಳ್ಳುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಬೇಳೆ ಬೇಯಿಸುವುದನ್ನು ತೋರಿಸಿಕೊಟ್ಟು, ಹೋಗುವಾಗ ಜೊತೆಗೆ ಒಂದು ಡಬ್ಬಿ ತೊಗರಿಬೇಳೆಯನ್ನೂ ಕೊಟ್ಟು ಕಳಿಸಿದಳು. ಈ ರೋಗ ರಕ್ತದಲ್ಲೇ ಇದೆ ಎಂದು ಆವತ್ತು ಗೊತ್ತಾಯಿತು. ನನ್ನ ಕಡೆಯಿಂದ ಬಂದದ್ದಲ್ಲ ಎಂಬುದಂತೂ ಖಂಡಿತ.

ಇಲ್ಲಿರುವ ನಮ್ಮ ಜನರ ಮಕ್ಕಳೆಲ್ಲ ಸಮಾಜಸೇವೆ ಮಾಡುತ್ತಾರೆ, ಇಲ್ಲ ಎನ್ನುವುದಿಲ್ಲ. ಆದರೆ ಹೈಸ್ಕೂಲಿನಲ್ಲಿರುವಾಗ ಮಾಡುತ್ತಾರೆ. ಕಾಲೇಜಿನವರು ಸೀಟು ಕೊಡುವಾಗ ಅದನ್ನು ನೋಡುತ್ತಾರಂತೆ. ಅದಕ್ಕೇ ಅಪ್ಪಂದಿರು ಕಾರಿನಲ್ಲಿ ಕರೆದುಕೊಂಡು ಹೋಗಿ, ಮಕ್ಕಳ ಕೈಯಲ್ಲಿ ಸೇವೆ ಮಾಡಿಸಿ, ಫೋಟೋ ತೆಗೆದು, ಬರುವ ದಾರಿಯಲ್ಲಿ ಟೆನಿಸ್ ಕ್ಲಾಸಿಗೆ ಬಿಟ್ಟು ಬರುತ್ತಾರೆ. ಸೀಟು ಸಿಕ್ಕ ದಿನವೇ ಊರಿನ ಬಡವರೆಲ್ಲ ಉದ್ಧಾರವಾಗಿಬಿಡುತ್ತಾರೆ! ಆಮೇಲೆ ಯಾರಿಗೂ ಇವರ ಸೇವೆ ಬೇಕಾಗುವುದೇ ಇಲ್ಲ. ನಮ್ಮವಳು ಎಲ್ಲದರಲ್ಲೂ ಉಲ್ಟಾ. ಹೈಸ್ಕೂಲಿನಲ್ಲಿ ಒಂದು ಕಡ್ಡಿ ಎತ್ತಿ ಆ ಕಡೆ ಇಟ್ಟವಳಲ್ಲ. ಕಾಲೇಜು ಸೇರಿದ ಮೇಲೆ, ಅಂದರೆ ಸೇವೆಯಿಂದ ತನಗೆ ಯಾವ ಲಾಭವೂ ಇಲ್ಲವೆಂದು ಖಚಿತವಾದ ಮೇಲೆ, ಶುರುಮಾಡಿದಳು. ಅವಳ ಅಪ್ಪನಿಗೆ ಇದು ಇಂದಿಗೂ ಅರ್ಥವಾಗಿಲ್ಲ.

ಅವಳು ಕದ್ದ ಸಾಮಾನುಗಳಲ್ಲಿ ನಾನೂ ಒಬ್ಬ. ಒಂದು ಶನಿವಾರ, ವಾಕಿಂಗ್ ಹೋಗೋಣ ಬಾ ತಾತ ಅಂತ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಒಂದು ಹಳ್ಳದ ಪಕ್ಕ ಇಳಿಸಿದಳು. ಅಲ್ಲಿ ಅವಳ ಕಾಲೇಜಿನ ಸ್ನೇಹಿತರ ದಂಡೇ ನಿಂತಿತ್ತು. ನನಗೆ ಕಿತ್ತಳೆ ಬಣ್ಣದ ಒಂದು ಅಂಗಿ ತೊಡಿಸಿ, ಕೈಗೆ ಉದ್ದನೆಯ ಇಕ್ಕಳ ಕೊಟ್ಟು, ಹಳ್ಳದಲ್ಲಿ ಬಿದ್ದ ಬಾಟಲಿ ಆರಿಸು ಅಂದರು. ಮೈಸೂರಿನ ಅಂಗಡಿಯಲ್ಲಿ ಜೀವಮಾನವೆಲ್ಲ ರೇಷ್ಮೆ ಸೀರೆ ಮಡಿಸಿದ ಕೈ ಇದು! ಸಿಟ್ಟಿನಲ್ಲಿ ನಾನು ಆರಿಸಿದಷ್ಟು ಬಾಟಲಿ ಬೇರೆ ಯಾರೂ ಆರಿಸಲಿಲ್ಲ. ಅಳಿಯಂದಿರು ಆ ಫೋಟೋವನ್ನು ನಮ್ಮ ಬಂಧುಬಳಗದ ವಾಟ್ಸಾಪಿಗೆ ಹಾಕಿದರು. ಸಂಜೆಯೊಳಗೆ ಮೈಸೂರಿನಿಂದ ತಂಗಿಯ ಫೋನು.

“ಅಣ್ಣಾ, ಅಳಿಯಂದಿರ ಕೆಲಸ ಏನಾದ್ರೂ ಹೋಯ್ತಾ? ಈ ವಯಸ್ಸಲ್ಲಿ ನೀನ್ಯಾಕಪ್ಪ ಬೀದಿ ಗುಡಿಸೋಕೆ ಹೋಗಿದ್ಯಾ?”

ಇವಳೇ ವಾಸಿ. ಟೀವಿಯಲ್ಲಿ ಅಮೆರಿಕಾ ನೋಡಿದ್ದ ನನ್ನ ದಾಯಾದಿಯೊಬ್ಬ ಅದು ಜೈಲಿನವರ ಅಂಗಿ ಎಂದೇ ತೀರ್ಮಾನಿಸಿದ. ಅವನ ಹೆಂಡತಿ ನನ್ನ ಬಿಡುಗಡೆಗಾಗಿ ಚಾಮುಂಡಿ ಬೆಟ್ಟಕ್ಕೆ ಹರಕೆ ಹೊತ್ತಳಂತೆ.

ಇಷ್ಟನ್ನೂ ಸಹಿಸಿದೆ. ಸಹಿಸಲಾಗದ್ದು ಕಾಫಿಯ ವಿಷಯ. ಸಂಜೆ ನಾಲ್ಕಕ್ಕೆ ಮನೆಯಲ್ಲಿ ನಾವಿಬ್ಬರೇ ಇರುತ್ತಿದ್ದೆವು. ಅವಳು ಕಾಫಿ ಬೇಕಾ ತಾತ ಎಂದು ಕೇಳುತ್ತಿದ್ದಳು. ನಾನು ಬೇಡಮ್ಮ ಎನ್ನುತ್ತಿದ್ದೆ. ನಮ್ಮ ಕಡೆ ಹುಟ್ಟಿದ ಯಾವ ಪ್ರಾಣಿಯಾದರೂ ಮೊದಲ ಸಲಕ್ಕೇ ಹ್ಞೂಂ ಅನ್ನುತ್ತದೆಯೇ? ಅವಳು ತನಗೊಂದು ಲೋಟ ಮಾಡಿಕೊಂಡು ನನ್ನ ಎದುರಿಗೇ ಕೂತು ಕುಡಿಯುತ್ತಿದ್ದಳು. ಆ ವಾಸನೆ! ಹೀಗೆ ಎಷ್ಟೋ ಸಂಜೆ ಬರೀ ವಾಸನೆಯಲ್ಲಿ ಕಳೆದು, ಒಂದು ದಿನ ತಲೆನೋವಿನ ಜೊತೆ ಸಿಟ್ಟೂ ನೆತ್ತಿಗೇರಿ ಕೇಳಿಯೇಬಿಟ್ಟೆ.

“ಬೇಡ ಅಂದ ತಕ್ಷಣ ಬಿಟ್ಟುಬಿಡೋದಾ?”

“ನೀನು ಬೇಡ ಅಂದೆ. ನಾನು ರೆಸ್ಪೆಕ್ಟ್ ಮಾಡಿದೆ.”

ಬೇಡ ಅಂದವರನ್ನು ಪೀಡಿಸಬಾರದು ಎಂದು ಅವರಿಗೆ ಕಾಲೇಜಿನಲ್ಲಿ ಹೇಳಿಕೊಡುತ್ತಾರಂತೆ. ಆವತ್ತು ನಾನು ಪಾಠ ಮಾಡಿದೆ. ಹೆಂಗಸರು ‘ಬೇಡಪ್ಪ, ಇನ್ನೊಂದ್ಸಲ ಬರ್ತೀವಿ’ ಎಂದು ಎದ್ದು ನಿಂತ ಮೇಲೆಯೇ ನಮ್ಮ ಅಂಗಡಿಯಲ್ಲಿ ಒಳ್ಳೆಯ ಸೀರೆಯ ಕಟ್ಟು ಬಿಚ್ಚುತ್ತಿದ್ದದ್ದು. ಮೊದಲನೆಯ ಬೇಡ ಸಂಕೋಚದ್ದು, ಎರಡನೆಯದು ಮರ್ಯಾದೆಯದ್ದು. ಮೂರನೆಯ ಸಲ ಕೇಳಿದಾಗ ಬರುವುದೇ ನಿಜವಾದ ಉತ್ತರ. ನಮ್ಮವರು ಬಾಯಿಬಿಟ್ಟು ಕೇಳುವುದಿಲ್ಲ, ಕೇಳಿಸಿಕೊಳ್ಳಬೇಕಾದವರು ನಾವು. ಅವಳು ಕಣ್ಣರಳಿಸಿ ಕೇಳಿದಳು. ಕೊನೆಗೆ, “ಎಷ್ಟು ಟೈಮ್ ವೇಸ್ಟ್ ತಾತ” ಅಂದಳು. ಆದರೆ ಮರುದಿನದಿಂದ ಮೂರು ಸಲ ಕೇಳತೊಡಗಿದಳು, ಬೆರಳು ಮಡಚಿ ಲೆಕ್ಕ ಇಟ್ಟುಕೊಂಡು!

ಈ ಪಾಠವೇ ನನಗೆ ಮುಳುವಾಯಿತು.

ಅವಳ ಕಾಲೇಜಿನ ಹುಡುಗರು ಕೊರೊನಾ ಕಾಲದಲ್ಲಿ ಒಂದು ಕೆಲಸ ಶುರುಮಾಡಿದ್ದರು. ಒಂಟಿಯಾಗಿರುವ ಮುದುಕರಿಗೆ ಶನಿವಾರ ಬೆಳಗ್ಗೆ ಫೋನ್ ಮಾಡಿ, ಚೆನ್ನಾಗಿದ್ದೀರಾ, ದಿನಸಿ ಬೇಕಾ, ಔಷಧಿ ಬೇಕಾ ಎಂದು ಕೇಳುವುದು. ಬೇಕು ಅಂದದ್ದನ್ನು ಕೊಂಡುಕೊಂಡು ಹೋಗಿ ಬಾಗಿಲಲ್ಲಿಟ್ಟು ಬರುವುದು. ಕೊರೊನಾ ಹೋದರೂ ಫೋನು ನಿಲ್ಲಲಿಲ್ಲ. ಕನ್ನಡ ಸಂಘದವರೂ ಒಂದಷ್ಟು ಜನರ ಹೆಸರು ಕೊಟ್ಟರು. ಆದರೆ ಈ ಹುಡುಗರು ಇಂಗ್ಲಿಷಿನಲ್ಲಿ ಕೇಳಿದರೆ ನಮ್ಮವರು ಒಬ್ಬರಾದರೂ ಬಾಯಿಬಿಟ್ಟರೆ? ಎಲ್ಲರೂ ಬೇಡ, ಬೇಡ, ಥ್ಯಾಂಕ್ಯೂ. ಮೊಮ್ಮಗಳು ಫೋನು ತಂದು ನನ್ನ ಮುಂದಿಟ್ಟಳು. “ತಾತ, ಇದರಲ್ಲಿ ನೀನೇ ಎಕ್ಸ್‌ಪರ್ಟ್. ನಮ್ಮವರಿಗೆಲ್ಲ ನೀನೇ ಮಾಡು” ಅಂದಳು.

ಎಕ್ಸ್‌ಪರ್ಟ್ ಅಂದರೆ ಯಾರಿಗೆ ತಾನೇ ಖುಷಿಯಾಗುವುದಿಲ್ಲ? ಬೈದುಕೊಂಡೇ ಒಪ್ಪಿದೆ. ಶನಿವಾರ ಊಟದ ಮೇಜಿನ ಒಂದು ತುದಿಯಲ್ಲಿ ನನ್ನ ಫೋನು, ಇನ್ನೊಂದು ತುದಿಯಲ್ಲಿ ಅವಳು ಚೀಲ ತುಂಬುವುದು. ಪಕ್ಕದ ಊರು ನಾರ್‌ಕ್ರಾಸಿನ ಒಬ್ಬರು ಅಜ್ಜಿ ನನ್ನ ಮೂರನೆಯ ಸಲದ ಪ್ರಶ್ನೆಗೆ ಸೋತು, “ಹೋಗ್ಲಿ, ಒಂದಿಷ್ಟು ಹುರುಳಿಕಾಯಿ ತಂದುಬಿಡಿ” ಎಂದು ಶುರುಮಾಡಿದರೆ, ಕರಿಬೇವಿನಿಂದ ಗಂಧದಕಡ್ಡಿಯವರೆಗೆ ಹೋಗದೆ ನಿಲ್ಲುತ್ತಿರಲಿಲ್ಲ. ಮೊಮ್ಮಗಳು ನನ್ನ ಕಡೆ ಹೆಬ್ಬೆರಳೆತ್ತಿ ತೋರಿಸುತ್ತಿದ್ದಳು.

ಆ ಹೆಸರುಗಳಲ್ಲಿ ಒಬ್ಬರು ಡಾಕ್ಟರು. ಬಹಳ ಹಿಂದೆಯೇ ಇಲ್ಲಿಗೆ ಬಂದು ನೆಲೆಯೂರಿದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳು ಬೇರೆ ರಾಜ್ಯಗಳಲ್ಲಿದ್ದರು, ಇಲ್ಲೇ ಹತ್ತಿರದ ಡುಲುತ್‌ನ ದೊಡ್ಡ ಮನೆಯಲ್ಲಿ ಒಬ್ಬರೇ. ಇವರನ್ನು ನಾನು ಮೊದಲೇ ನೋಡಿದ್ದೆ. ಸಂಘದ ಸಂಕ್ರಾಂತಿಯಲ್ಲಿ ಮಗಳು ಪರಿಚಯ ಮಾಡಿಸಿದಾಗ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಏನು ಓದಿದ್ದೀರಿ ಅಂತ. ಎಸ್ಸೆಲ್ಸಿ ಅಂದೆ. “ಓ” ಅಂದರು. ಆಮೇಲೆ ನನ್ನ ಭುಜದ ಆಚೆ ಯಾರನ್ನೋ ನೋಡುತ್ತ ಆ ಕಡೆ ಹೊರಟೇ ಹೋದರು. ಎಳ್ಳುಬೆಲ್ಲ ಹಿಡಿದ ಕೈ ಹಾಗೇ ಚಾಚಿಕೊಂಡು ನಿಂತಿದ್ದೆ ನಾನು. ಅವರ ಒಂದಕ್ಷರದ ಮಾತು ಎಷ್ಟು ತಿಂಗಳು ನನ್ನನ್ನು ಕುಟುಕಿತೆಂದು ಹೇಳಿದರೆ ನೀವು ನಗುತ್ತೀರಿ.

ಇನ್ನು ನಗುವುದಕ್ಕೆ ಹೆಚ್ಚೇನೂ ಉಳಿದಿಲ್ಲ. ನಾನು ಮಾಡಿದ್ದನ್ನು ಹೇಳುತ್ತೇನೆ.

ಡಾಕ್ಟರಿಗೆ ಫೋನ್ ಮಾಡಿ, ಏನಾದರೂ ಬೇಕಾ ಎಂದು ಕೇಳುತ್ತಿದ್ದೆ. ಏನೂ ಬೇಡ, ಐ ಆಮ್ ಫೈನ್ ಎನ್ನುತ್ತಿದ್ದರು. ಸರಿ ಎಂದು ಇಟ್ಟುಬಿಡುತ್ತಿದ್ದೆ. ಒಂದೇ ಸಲ ಕೇಳುತ್ತಿದ್ದೆ. ಎಲ್ಲರನ್ನೂ ಮೂರು ಸಲ ಕೇಳುವ ನಾನು ಅವರನ್ನು ಮಾತ್ರ ಒಂದೇ ಸಲ. ಚೀಲ ತುಂಬುತ್ತಿದ್ದ ಮೊಮ್ಮಗಳು ಡಾಕ್ಟರ್ ಅಂಕಲ್ ಏನಂದರು ಎಂದರೆ, ‘ಬೇಡವಂತೆ’ ಎನ್ನುತ್ತಿದ್ದೆ. ತಾತ ಹೇಳಿದ ಮೇಲೆ ಮುಗಿಯಿತು, ಅವಳು ಮತ್ತೆ ಕೇಳುತ್ತಿರಲಿಲ್ಲ.

ಒಂದು ಶನಿವಾರ ಅವರು ಬೇಡ ಅಂದಮೇಲೂ ಫೋನು ಇಡಲಿಲ್ಲ.

“ನಾರ್‌ಕ್ರಾಸ್ ಕಡೆ ನಮ್ಮ ಇಂಡಿಯನ್ ಅಂಗಡಿಗಳೆಲ್ಲ ತೆಗೆದಿರುತ್ತಲ್ವಾ?” ಅಂದರು.

ಹೇಳಿ, ಅಷ್ಟು ವರ್ಷದಿಂದ ಇಲ್ಲಿರುವ ಮನುಷ್ಯನಿಗೆ ಅಂಗಡಿ ತೆಗೆದಿರುತ್ತದೋ ಇಲ್ಲವೋ ಎಂದು ನೆನ್ನೆ ಮೊನ್ನೆ ಬಂದ ನನ್ನನ್ನು ಕೇಳಬೇಕೆ? ನಮ್ಮ ಜನ ಅಕ್ಕಿ ಕೇಳುವುದೇ ಹಾಗೆ. ನನಗೆ ಅರ್ಥವಾಗಲಿಲ್ಲ ಎಂದು ಹೇಳಿಕೊಂಡು ತಪ್ಪಿಸಿಕೊಳ್ಳಬಹುದಿತ್ತು. ಅರ್ಥವಾಗಿತ್ತು. ಮಾತು ಮುಗಿಯುವ ಮೊದಲೇ ಅರ್ಥವಾಗಿತ್ತು.

“ತೆಗೆದಿರುತ್ತೆ ಡಾಕ್ಟ್ರೇ. ಹೋಗಿ ಬನ್ನಿ” ಅಂದೆ.

“ಹ್ಞಾ. ಸರಿ. ಹೋಗ್ತೀನಿ” ಅಂದರು.

ಫೋನು ಇಟ್ಟಾಗ ನನಗೆ ಖುಷಿಯಾಯಿತು. ಅದನ್ನೂ ಹೇಳಿಬಿಡಬೇಕು. ಆವತ್ತು ಎರಡು ಚಪಾತಿ ಹೆಚ್ಚಿಗೆ ತಿಂದೆ.

ಮುಂದಿನ ಶನಿವಾರ ಅವರ ಫೋನು ಬಡಿದುಕೊಂಡು ಬಡಿದುಕೊಂಡು ನಿಂತುಹೋಯಿತು. ದೊಡ್ಡ ಮನುಷ್ಯರು ಇವತ್ತು ಫೋನನ್ನೂ ಎತ್ತುವುದಿಲ್ಲ ಎಂದು ಗೊಣಗಿದೆ. ಮೊಮ್ಮಗಳು ಕೈಯಲ್ಲಿದ್ದ ಈರುಳ್ಳಿಯನ್ನು ಹಾಗೇ ಮೇಜಿನ ಮೇಲಿಟ್ಟು, ಕಾರಿನ ಬೀಗದ ಕೈ ತೆಗೆದುಕೊಂಡು ಹೊರಟಳು. ಇದೆಲ್ಲ ಅತಿಯಾಯಿತು ಎಂದು ನಾನು ಹಿಂದಿನಿಂದ ಕೂಗಿದ್ದೂ ನೆನಪಿದೆ.

ಡಾಕ್ಟರು ಅಡಿಗೆಮನೆಯ ನೆಲದ ಮೇಲೆ ಬಿದ್ದಿದ್ದರು. ಇವಳು ಕಿಟಕಿಯಿಂದ ನೋಡಿ, ಆಂಬುಲೆನ್ಸಿಗೆ ಫೋನ್ ಮಾಡಿ, ಒಳಗೆ ಹೋದಳು. ಆಮೇಲೆ ತಿಳಿದದ್ದು ಇಷ್ಟು: ಕಣ್ಣು ಮಂಜಾಗಿ ಅವರು ಕಾರು ಓಡಿಸುವುದನ್ನು ಯಾವಾಗಲೋ ಬಿಟ್ಟಿದ್ದರು. ಯಾರಿಗೂ ಹೇಳಿರಲಿಲ್ಲ, ಮಕ್ಕಳಿಗೂ ಹೇಳಿರಲಿಲ್ಲ. ಫೋನಿನಲ್ಲಿ ಸಾಮಾನು ತರಿಸಿಕೊಳ್ಳೋಣವೆಂದರೆ ಅಕ್ಷರ ಕಾಣದು. ಮನೆಯಲ್ಲಿದ್ದದ್ದು ಮುಗಿಯುತ್ತ ಬಂದು, ಕೊನೆಗೆ ಬಿಸ್ಕತ್ತು, ಹಾಲಿಲ್ಲದ ಚಹಾ. ತಲೆಸುತ್ತಿ ಬಿದ್ದರು. ಊರಿಗೆಲ್ಲ ಔಷಧಿ ಕೊಟ್ಟ ಮನುಷ್ಯ! ಪುಣ್ಯಕ್ಕೆ ಜೀವಕ್ಕೆ ಅಪಾಯವಾಗಲಿಲ್ಲ. ಮಗ ಓಡಿಬಂದ. ಸ್ವಲ್ಪ ದಿನದಲ್ಲಿ ಮನೆಗೆ ಬಂದರು.

ನಮ್ಮ ಮನೆಯಲ್ಲಿ ಆದದ್ದು ಬೇರೆ. ಮೊಮ್ಮಗಳು ಅಮ್ಮನ ಹತ್ತಿರ, ತಪ್ಪು ನಂದು ಅಂದಳು. “ಫೋನ್ ಸಾಕು ಅಂದ್ಕೊಂಡೆ. ತಾತ ಅಷ್ಟು ಸಲ ಕೇಳಿದ್ರೂ ಅವರು ಹೇಳ್ಲಿಲ್ಲ ಅಂದ್ರೆ, ನಾನೇ ಯಾರನ್ನಾದ್ರೂ ಬಾಗಿಲಿಗೆ ಕಳಿಸ್ಬೇಕಿತ್ತು.” ಸ್ನೇಹಿತರಿಗೆ ತಾನು ಇನ್ನು ಬರುವುದಿಲ್ಲ ಎಂದಳು. ಶನಿವಾರ ಬೆಳಗ್ಗೆ ಮಲಗಿರುತ್ತಿದ್ದಳು, ಅಥವಾ ಬಾಗಿಲು ಹಾಕಿಕೊಂಡು ಓದುತ್ತಿದ್ದಳು. ಅವಳ ಅಪ್ಪ ಅಮ್ಮನಿಗೆ ಸಮಾಧಾನವೇ ಆಯಿತು, ಅಂತೂ ಓದಿನ ಮೇಲೆ ಗಮನ ಬಂತಲ್ಲ ಅಂತ. ನನಗೂ ಬೇಕಾಗಿದ್ದು ಇದೇ ಅಲ್ಲವೆ? ಮನೆಯಿಂದ ಒಂದು ಚಮಚವೂ ಕಾಣೆಯಾಗಲಿಲ್ಲ. ನನ್ನ ಹೊಸ ಸ್ವೆಟರು ಬಾಗಿಲ ಹಿಂದಿನ ಮೊಳೆಯಲ್ಲಿ ವಾರಗಟ್ಟಲೆ ಹಾಗೇ ನೇತಾಡಿತು. ಅದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು. ಸಿಟ್ಟು ಮಾಡಿಕೊಳ್ಳೋಣವೆಂದರೆ ಎದುರಿಗೆ ಯಾರೂ ಇಲ್ಲ. ಇದ್ದವನು ನಾನೊಬ್ಬನೇ.

ಕೊನೆಗೊಂದು ಮಧ್ಯಾಹ್ನ ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಾಗ ಹೋಗಿ ಬಾಗಿಲಲ್ಲಿ ನಿಂತೆ.

“ನಾನು ಮೂರು ಸಲ ಕೇಳ್ಲಿಲ್ಲ” ಅಂದೆ.

ಅವಳಿಗೆ ತಿಳಿಯಲಿಲ್ಲ. ಎಲ್ಲವನ್ನೂ ಹೇಳಿದೆ. ಅಂಗಡಿ ತೆಗೆದಿರುತ್ತಾ ಎಂದು ಅವರು ಕೇಳಿದ್ದು, ನನಗೆ ಅರ್ಥವಾಗಿದ್ದು, ಹೋಗಿ ಬನ್ನಿ ಅಂದದ್ದು. ಅವಳು ‘ಯಾಕೆ?’ ಅಂದಳು. ನಾನು ಎಸ್ಸೆಲ್ಸಿ ಅಂದಾಗ ಅವರು ‘ಓ’ ಅಂದರು ಎಂದೆ. ಎದೆಯೊಳಗೆ ಇಟ್ಟುಕೊಂಡಿದ್ದಾಗ ಅದು ಬೆಟ್ಟದಷ್ಟಿತ್ತು. ಬಾಯಿಂದ ಹೊರಗೆ ಬಿದ್ದಾಗ ಎಷ್ಟು ಚಿಕ್ಕದಾಗಿತ್ತೆಂದರೆ, ನನಗೇ ನಾಚಿಕೆಯಾಗಿ ಗೋಡೆ ನೋಡಿದೆ. ಅವಳು ಮಡಿಸಿದ್ದ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ನಂಗೆ ಹೇಳಿದ್ರೆ ಸಾಕಾಗಲ್ಲ ತಾತ. ಅವರಿಗೆ ಹೇಳು. ನಾನು ಡ್ರೈವ್ ಮಾಡ್ತೀನಿ.”

ಡುಲುತ್‌ನ ಆ ಮನೆಯ ಮುಂದೆ ಕಾರು ನಿಲ್ಲಿಸಿ, ಸ್ಟೀರಿಂಗ್ ಹಿಡಿದುಕೊಂಡು ಹಾಗೇ ಕೂತಳು. ಇಳಿಯಲಿಲ್ಲ. ಮೊಮ್ಮಗಳಿಗೆ ನನ್ನ ಜೊತೆ ನಿಲ್ಲುವುದಕ್ಕೂ ಅಸಹ್ಯ ಎಂದುಕೊಂಡು ನಾನೊಬ್ಬನೇ ಹೋದೆ.

ಡಾಕ್ಟರು ಸೋಫಾದಲ್ಲಿ ಕಾಲ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಬಹಳ ಇಳಿದುಹೋಗಿದ್ದರು. ಮಗ ಒಳಗಿದ್ದ. ನಾನು ಯಾರೆಂದು ಹೇಳಿ, ನಿಂತುಕೊಂಡೇ ಎಲ್ಲವನ್ನೂ ಒಪ್ಪಿಸಿದೆ, ಸಂಕ್ರಾಂತಿಯಿಂದ ಹಿಡಿದು. ಅವರು ಮುಖವನ್ನು ನನ್ನ ದನಿಯ ಕಡೆ ತಿರುಗಿಸಿಕೊಂಡು ಕೇಳಿದರು.

“ಯಾವ ಸಂಕ್ರಾಂತಿ?” ಅಂದರು.

ನೋಡಿ, ಅವರಿಗೆ ನೆನಪೇ ಇಲ್ಲ! ನಾನು ತಿಂಗಳುಗಟ್ಟಲೆ ಕಾಪಾಡಿಕೊಂಡು ಬಂದ ಅವಮಾನ ಅದನ್ನು ಮಾಡಿದವರ ಹತ್ತಿರವೇ ಇರಲಿಲ್ಲ. ಅಂಥ ಹೊತ್ತಿನಲ್ಲೂ ಒಂದು ಕ್ಷಣ ಹೊಸದಾಗಿ ಸಿಟ್ಟು ಬಂತು.

“ನೆನಪಿಲ್ಲ. ಆದ್ರೆ ಅಂದಿರ್ತೀನಿ. ನಾನು ಅಂಥವನೇ” ಅಂದರು. ಕಂಬಳಿ ಎಳೆದುಕೊಂಡು ಮುಂದುವರಿಸಿದರು, “ನೀವು ಇನ್ನೊಂದ್ಸಲ ಕೇಳಿದ್ರೂ ನಾನು ಹೇಳ್ತಿದ್ದೆನೋ ಇಲ್ವೋ, ಗೊತ್ತಿಲ್ಲ. ಆದ್ರೆ ಕೇಳ್ಬೇಕಿತ್ತು ನೀವು.”

ಹೌದು ಅಂದೆ. ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೂತ್ಕೊಳ್ಳಿ ಎಂದು ಮಾತ್ರ ಹೇಳಿದರು. ಕೂತೆ. ಆಮೇಲೆ ಅವರೇ, ಆ ಹುಡುಗಿ ಎಲ್ಲಿ ಎಂದು ಕೇಳಿದರು. ಕಾರಿನಲ್ಲಿದ್ದಾಳೆ ಅಂದೆ.

“ಒಳಗೆ ಬರ್ಲಿಲ್ವಾ? ಹ್ಞೂಂ. ಹೇಗೆ ಬರುತ್ತೆ. ಆವತ್ತು ಬಹಳ ಹೆದರಿಬಿಟ್ಟಿತ್ತು ಮಗು.”

ನನಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಇಷ್ಟು ದಿನ ತಪ್ಪು ಯಾರದು, ಯಾರದು ಎಂದು ಅವಳೂ ನಾನೂ ಒದ್ದಾಡಿದ್ದೆವು. ಅವಳ ಅಪ್ಪ ಅಮ್ಮ ಓದಿನ ಬಗ್ಗೆ ಖುಷಿಪಟ್ಟಿದ್ದರು. ಆ ಅಡಿಗೆಮನೆಯಲ್ಲಿ ಅವಳೊಬ್ಬಳೇ ಏನು ನೋಡಿದಳೆಂದು ನಾವು ಯಾರೂ ಕೇಳಿರಲಿಲ್ಲ. ಕಾಲೇಜಿಗೆ ಹೋಗುವ ಹುಡುಗಿ, ಧೈರ್ಯವಂತೆ, ಊರ ಭಾರವನ್ನೇ ಹೊತ್ತು ಓಡಾಡುವವಳು, ಅವಳನ್ನೇನು ಕೇಳುವುದು ಅಂತ.

ಹೊರಗೆ ಬಂದು ಕಾರಿನಲ್ಲಿ ಕೂತೆ. ಅವಳು ಎಂಜಿನ್ ಚಾಲೂ ಮಾಡಿದಳು.

“ಆವತ್ತು ನೀನು ಒಳಗೆ ಹೋದಾಗ ಏನಾಯ್ತು ಪುಟ್ಟಿ?” ಅಂದೆ.

ಅವಳು ಬೀದಿಯ ತುದಿಯವರೆಗೆ ಓಡಿಸಿದಳು. ಅಲ್ಲಿ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿದಳು. ಹಿಂದಿನ ಬಾಗಿಲಿಗೆ ಬೀಗ ಹಾಕಿರಲಿಲ್ಲವಂತೆ. ಒಳಗೆ ಹೋದಾಗ ಅವರು ಅಲುಗಾಡುತ್ತಿರಲಿಲ್ಲವಂತೆ. ಸತ್ತಿದ್ದಾರೆ ಎಂದೇ ಅಂದುಕೊಂಡಳಂತೆ. ಮುಟ್ಟಿ ನೋಡುವುದಕ್ಕೆ ಆಗದೆ ಫ್ರಿಜ್ಜಿನ ಪಕ್ಕ ನಿಂತೇ ಇದ್ದಳಂತೆ. ಅಷ್ಟು ಹೊತ್ತು ನಿಂತುಬಿಟ್ಟೆನಲ್ಲ ಎಂದು ಅವಳಿಗೆ ಈಗಲೂ ನಿದ್ದೆ ಬರುವುದಿಲ್ಲ. ಇಂಗ್ಲಿಷಿನಲ್ಲಿ ಶುರುಮಾಡಿದವಳು ಯಾವಾಗ ಕನ್ನಡಕ್ಕೆ ಬಂದಳೋ ಗೊತ್ತಿಲ್ಲ.

“ಆಮೇಲೆ ಹತ್ರ ಹೋಗಿ ಕೂತ್ಕೊಂಡೆ. ಕೈ ಐಸ್ ಥರ ಇತ್ತು ತಾತ.”

“ಅವರದಾ?”

“ಇಲ್ಲ, ನಂದು. ಅವರೇ ನನ್ನ ಕೈ ಹಿಡ್ಕೊಂಡ್ರು. ಹೆದರ್ಬೇಡ ಮಗು, ನಾನು ಡಾಕ್ಟ್ರು ಅಂದ್ರು. ಆಂಬುಲೆನ್ಸ್ ಬರೋವರೆಗೂ ಬಿಡ್ಲೇ ಇಲ್ಲ.”

ನಾನು ಅವಳ ಕೈ ತೆಗೆದುಕೊಂಡೆ. ಅವಳು ಬಹಳ ಹೊತ್ತು ಅತ್ತಳು. ಪಕ್ಕದಲ್ಲಿ ಯಾರೋ ನಾಯಿ ಹಿಡಿದುಕೊಂಡು ನಡೆದು ಹೋದರು, ನಮ್ಮ ಕಡೆ ನೋಡಿ ತಲೆ ಬಗ್ಗಿಸಿ ಮುಂದೆ ಹೋದರು. ಅತ್ತು ಮುಗಿದ ಮೇಲೆ ಅವಳು ತೋಳಿಗೆ ಮೂಗು ಒರೆಸಿಕೊಂಡು, ಮುಂದಿನ ಗಾಜನ್ನೇ ನೋಡುತ್ತ ಹೇಳಿದಳು.

“ಸ್ಯಾಟರ್ಡೆ ಮತ್ತೆ ಹೋಗ್ಬೇಕು ಅನ್ಸುತ್ತೆ. ಫೋನ್ ಬೇಡ, ಬಾಗಿಲಿಗೇ ಹೋಗ್ಬೇಕು. ಆದ್ರೆ ಬಾಗಿಲು ತಟ್ಟೋಕೆ ನಂಗೆ ಭಯ ಆಗುತ್ತೆ ತಾತ. ಒಳಗಿಂದ ಯಾರೂ ಬರದೇ ಇದ್ರೆ? ನೀನು ಜೊತೆಗೆ ಬರ್ತೀಯಾ? ಸುಮ್ನೆ ಪಕ್ಕದಲ್ಲಿ ನಿಂತ್ಕೊಂಡ್ರೆ ಸಾಕು.”

“ಬರ್ತೀನಿ” ಅಂದೆ.